ಬೀರುವಿನಿಂದ ಹೊರಬಂದ ಪೆಟ್ಟಿಗೆ

ಸೊಸೆಯ ಕೆಲಸವೆಲ್ಲ ಕೈಯಲ್ಲೇ. ಕಿವಿ ಕೇಳದ ರೋಗಿ ಆಸ್ಪತ್ರೆಗೆ ಬಂದರೆ, ಮನೆಯ ಕೊನೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ಡಾಕ್ಟರ ಮಾತನ್ನು ಸನ್ನೆಯಲ್ಲಿ, ರೋಗಿಯ ಸನ್ನೆಯನ್ನು ಮಾತಿನಲ್ಲಿ ದಾಟಿಸುವವಳು ಅವಳು. ಆದರೆ ಈ ಅಪಾರ್ಟ್‌ಮೆಂಟಿಗೆ ಬಂದಾಗಿನಿಂದ, ಅಂದರೆ ಒಂದು ತಿಂಗಳಿಂದ, ವಿಡಿಯೋ ನಡುನಡುವೆ ನಿಂತುಹೋಗುತ್ತಿತ್ತು. ಮಾತಾದರೆ ಅರ್ಧ ಕೇಳಿದರೂ ಊಹಿಸಬಹುದು. ಗಾಳಿಯಲ್ಲಿ ನಿಂತುಬಿಟ್ಟ ಕೈಯನ್ನು ಏನೆಂದು ಓದುವುದು? ‘ಗಡ್ಡೆ ಇಲ್ಲ’ ಎಂದು ಹೇಳುವಾಗ ‘ಗಡ್ಡೆ’ಗೇ ಚಿತ್ರ ನಿಂತು, ಒಬ್ಬ ಮುದುಕಿ ಎರಡು ನಿಮಿಷ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿಬಿಟ್ಟರು: ಗುರುವಾರ ಹತ್ತು ಗಂಟೆಗೆ ಒಂದು ಮಗುವಿನ ಆಪರೇಷನ್ ಬಗ್ಗೆ ಕಿವಿ ಕೇಳದ ಅದರ ತಾಯಿಯ ಜೊತೆ ಮಾತಾಡುವುದಿದೆ, ಅದೂ ಕಡಿದರೆ ನಾವು ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ಇಂಟರ್ನೆಟ್ ಕಂಪನಿಗೆ ದೂರು ಕೊಟ್ಟು ಕೊಟ್ಟು ಸಾಕಾಗಿ, ಬುಧವಾರ ಅವಳು ಕೆಳಗಿನ ಮನೆಯ ತಾತನನ್ನು ಕರೆದಳು. ಮೂವತ್ತೈದು ವರ್ಷ ಟೆಲಿಫೋನ್ ಲೈನ್ ಎಳೆದವರು. ಹೆಗಲ ಮೇಲೆ ಕೇಬಲ್ ಸುರುಳಿ ಹೊತ್ತೇ ಬಂದರು.

“ವೈಫೈ ಬಾಕ್ಸ್ ಎಲ್ಲಮ್ಮ?”

“ಮಾವನ ಬೀರುವಿನಲ್ಲಿ.”

“ಬೀರುವಿನ ಮೇಲಾ?”

“ಅಲ್ಲ ತಾತ, ಒಳಗೆ.”

ಮಾವ ಕಾರ್ಖಾನೆಯ ಸ್ಟೋರ್‌ಕೀಪರ್ ಆಗಿದ್ದವರು. ಸಹಿ ಇಲ್ಲದೆ ಒಂದು ಸ್ಕ್ರೂ ಕೂಡ ಅವರ ಕೈದಾಟಿ ಹೋದದ್ದಿಲ್ಲ. ದುಬಾರಿ ಪೆಟ್ಟಿಗೆ ಎಂದದ್ದೇ ತಡ, ಕಬ್ಬಿಣದ ಬೀರುವಿನ ಬೆನ್ನಿಗೆ ಅವರೇ ತೂತು ಕೊರೆದು ವೈರ್ ತೂರಿಸಿ, ಒಳಗಿಟ್ಟು ಬೀಗ ಜಡಿದಿದ್ದರು. ಧೂಳು ಕೂರುವುದಿಲ್ಲವೆಂದು ಸೊಸೆಯೂ ಮೆಚ್ಚಿಕೊಂಡಿದ್ದಳು.

ತಾತ ಮಾವನ ಕಡೆ ತಿರುಗಿ ಹೊಟ್ಟೆ ಹಿಡಿದು ನಕ್ಕರು. “ಯಜಮಾನ್ರೇ, ಕಬ್ಬಿಣದೊಳಗೆ ಕೂಡಿಹಾಕಿದ್ರೆ ಪಾಪ, ಸಿಗ್ನಲ್ ಎಲ್ಲಿಂದ ಹೊರಗೆ ಬರಬೇಕು?”

ಮಾವನ ಕೋಪ ಮೂಗಿನ ತುದಿಯಲ್ಲೇ ಇರುವುದು. ಆದರೆ ಅವರು ತಾವೇ ಎದ್ದು ಹೋಗಿ ಬೀಗ ತೆಗೆದರು. ತಾತ ಪೆಟ್ಟಿಗೆಯನ್ನು ನಡುಮನೆಯ ಎತ್ತರದ ಶೆಲ್ಫಿಗೆ ಏರಿಸಿದರು. ಅವರ ಮೊಬೈಲಿನಲ್ಲಿ ಒಂದೇ ಇದ್ದ ಸಿಗ್ನಲ್ ಗೆರೆ ನಾಲ್ಕಾಯಿತು.

“ಮನೆಗೆ ಇಷ್ಟು ಸಾಕು. ಇವಳ ಕೆಲಸಕ್ಕೆ ಸಾಲದು. ಕೋಣೆವರೆಗೂ ವೈರ್ ಎಳೆದುಬಿಡೋಣ. ಗೋಡೆ ಕೊರೀಬೇಕಾಗುತ್ತೆ, ಪರವಾಗಿಲ್ವಾ?”

“ನಾನೇ ಕೊರೀತೀನಿ,” ಎಂದರು ಮಾವ.

ಕ್ಯಾಲೆಂಡರಿಗೂ ಮೊಳೆ ಹೊಡೆಯಲು ಬಿಡದ ಮನುಷ್ಯ ಎರಡು ಗೋಡೆ ಕೊರೆದರು. ಗೇಣಿಗೊಂದರಂತೆ ಕ್ಲಿಪ್ ಹೊಡೆದರು. ತಾತ ವೈರಿನ ಎಂಟು ಎಳೆಗಳನ್ನು ಬಣ್ಣದ ಕ್ರಮದಲ್ಲಿ ಜೋಡಿಸಿ ತುದಿಗೆ ಪ್ಲಗ್ ಕಚ್ಚಿಸಿ, ಟೆಸ್ಟರ್ ಹಚ್ಚಿದಾಗ ಎಂಟೂ ದೀಪ ಸಾಲಾಗಿ ಬೆಳಗಿದವು.

ಗುರುವಾರ ಹತ್ತಕ್ಕೆ ಅವಳು ಬಾಗಿಲು ಹಾಕಿಕೊಂಡಳು. ನಲವತ್ತು ನಿಮಿಷದಲ್ಲಿ ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಆ ತಾಯಿ ಮೂರು ಸಲ ಅದೇ ಪ್ರಶ್ನೆ ಕೇಳಿದಳು, ಇವಳು ಮೂರು ಸಲವೂ ಉತ್ತರವನ್ನು ಇಡಿಯಾಗಿ ಮುಟ್ಟಿಸಿದಳು: ಆಪರೇಷನ್ ಆದಮೇಲೆ ಮಗು ನಡೆಯುತ್ತದೆ. ತಾಯಿ ಗಲ್ಲಕ್ಕೆ ಮುಟ್ಟಿಸಿದ ಕೈಯನ್ನು ಮುಂದೆ ಚಾಚಿ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದಳು. ಆಮೇಲೆ ಪರದೆಯ ಕಡೆ ತಿರುಗಿ ಇವಳಿಗೂ ಹೇಳಿದಳು.

ಹೊರಗೆ ಶೆಲ್ಫಿನ ಕೆಳಗೆ ಸ್ಟೂಲ್ ಹಾಕಿಕೊಂಡು ಮಾವ ಕಾವಲು ಕೂತಿದ್ದರು. ಅತ್ತೆಗೆ ಮಿಕ್ಸಿ ಹಾಕಲೂ ಬಿಟ್ಟಿರಲಿಲ್ಲವಂತೆ.

“ಏನಾಯ್ತಮ್ಮ, ಆ ಮಗುವಿಗೆ?”

“ಹೇಳೋ ಹಾಗಿಲ್ಲ ಮಾವ, ಆಸ್ಪತ್ರೆ ನಿಯಮ.”

“ಹೌದು, ಹೌದು. ಹೇಳಬೇಡ.” ಅವರು ಶೆಲ್ಫಿನ ಪೆಟ್ಟಿಗೆಯನ್ನೊಮ್ಮೆ ನೋಡಿದರು. “ಒಂದು ತಿಂಗಳು ಅದೆಷ್ಟು ಜನ ನನ್ನಿಂದ ಒದ್ದಾಡಿದ್ರೋ.”

ಈ ಮನೆಯಲ್ಲಿ ತನ್ನ ಕೆಲಸವನ್ನು ಇಷ್ಟು ಹಚ್ಚಿಕೊಂಡವರು ಇದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವರೆದುರು ನಿಂತು ಆ ತಾಯಿ ಮಾಡಿದ ಸನ್ನೆಯನ್ನೇ ಮಾಡಿದಳು. “ಇದು ಆ ಕಡೆಯಿಂದ ಬಂದ ಥ್ಯಾಂಕ್ಸ್ ಮಾವ. ನಿಮಗೂ ಸೇರಬೇಕು, ತಾತನಿಗೂ ಸೇರಬೇಕು.”

ಮಾವ ಅದನ್ನೊಮ್ಮೆ ತಾವೂ ಮಾಡಿ ನೋಡಿದರು. “ಸರಿಯಿದೆಯಾ?”

“ಸರಿಯಾಗೇ ಇದೆ.”

“ಹಾಗಾದ್ರೆ ತಾತನಿಗೆ ನಾನೇ ಮುಟ್ಟಿಸ್ತೀನಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದರು.