ಚಿಕ್ಕಮ್ಮನನ್ನೂ ಸೇರಿಸಿ

ಅಜ್ಜ ಅಜ್ಜಿಗೆ ಚರ್ಚಿನ ಸಭೆಯಿಂದ ಕರೆ ಬಂದಿತ್ತು. ದೂರದ ಪಟ್ಟಣವೊಂದರಲ್ಲಿ ಒಂದೂವರೆ ವರ್ಷ ಸುವಾರ್ತೆಯ ಸೇವೆ. ಮನೆಮನೆಗೆ ಹೋಗಿ ದೇವರ ಮಾತು ಹೇಳಬೇಕು, ತಮ್ಮ ತಮ್ಮ ಹಿರಿಯರನ್ನು ನೆನೆಯುವುದನ್ನು ಅಲ್ಲಿನ ಕುಟುಂಬಗಳಿಗೆ ಕಲಿಸಬೇಕು. ಹೋದರೆ ಗಂಡ ಹೆಂಡತಿ ಇಬ್ಬರೂ ಹೋಗಬೇಕು, ಒಬ್ಬರೇ ಹೋಗುವ ಹಾಗಿಲ್ಲ. ಅಜ್ಜ ಈ ಕರೆಗೆ ಕಾದದ್ದು ಇವತ್ತು ನಿನ್ನೆಯಿಂದಲ್ಲ. ಹೊಲಿಗೆ ಅಂಗಡಿಯನ್ನು ನನ್ನ ಅಪ್ಪನಿಗೆ ಬಿಟ್ಟುಕೊಟ್ಟ ದಿನವೇ, "ಇನ್ನು ನಾನು ದೇವರ ಆಳು" ಎಂದು ಕುತ್ತಿಗೆಯ ಟೇಪು ತೆಗೆದು ಮೊಳೆಗೆ ನೇತುಹಾಕಿದ್ದರು.

ಅಂಥಾದ್ದರಲ್ಲಿ ಅಜ್ಜಿ ಪೆಟ್ಟಿಗೆಗೆ ಒಂದು ಬಟ್ಟೆಯನ್ನೂ ಹಾಕಿರಲಿಲ್ಲ.

ವಿಷಯ ಹೊರಬಿದ್ದಾಗ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಅಜ್ಜನ ಹೊಸ ಕೋಟಿಗೆ ಕಾಜ ಹೊಲಿಯುತ್ತಿದ್ದೆ. ನನ್ನಂಥ ಮಾತು ಕಡಿಮೆಯವರು ಎದುರಿಗಿದ್ದರೂ ಮನೆಯವರು ಮರೆತುಬಿಡುತ್ತಾರೆ.

"ಹೊರಡೋಕೆ ವಾರ ಕೂಡ ಇಲ್ಲ. ನಿನ್ನ ಪೆಟ್ಟಿಗೆ ಇನ್ನೂ ಬಾಯಿ ತಕ್ಕೊಂಡು ಕೂತಿದೆಯಲ್ಲೇ?" ಎಂದರು ಅಜ್ಜ, ಪ್ಯಾಂಟಿಗೆ ಇಸ್ತ್ರಿ ಒತ್ತುತ್ತ.

"ಕೂತಿರಲಿ. ನೀವು ಚಿಕ್ಕಮ್ಮನ ಹೆಸರು ಹೇಳೋ ತನಕ ಅದಕ್ಕೆ ಉಪವಾಸಾನೇ."

ಇಸ್ತ್ರಿಯ ಕೈ ನಿಂತಿತು. ಪ್ಯಾಂಟಿನ ಮೇಲೆ ಹಾಸಿದ್ದ ಒದ್ದೆ ಬಟ್ಟೆ ಚುಂಯ್ ಎಂದ ಮೇಲೆಯೇ ಅವರಿಗೆ ಎಚ್ಚರ.

ನಮ್ಮ ಮನೆಯಲ್ಲಿ ಭಾನುವಾರ ಊಟಕ್ಕೆ ಮುಂಚೆ ಮನೆಗೆ ಹಿರಿಯರಾದವರು ತೀರಿಹೋದವರ ಹೆಸರನ್ನು ಒಂದೊಂದಾಗಿ ಹೇಳಬೇಕು. ಒಬ್ಬೊಬ್ಬರ ಜೊತೆಗೆ ಅವರು ಮಾಡಿದ ಒಂದು ಕೆಲಸವನ್ನೂ ಹೇಳಬೇಕು. ಸುಳ್ಳು ಸೇರಬಾರದು, ಹೊಗಳಿಕೆಯೂ ಸೇರಬಾರದು. "ದೋಣಿ ತಾತ, ನೆರೆ ಬಂದಾಗ ಊರು ದಾಟಿಸಿದರು. ಕೆಪ್ಪಜ್ಜಿ, ಕಿವಿ ಕೇಳಿಸದಿದ್ದರೂ ಹಾಡು ಕಲಿತರು. ಸೀಸೆ ಮಾಮ, ಕುಡಿದರು, ಬಿಟ್ಟರು, ಮತ್ತೆ ಕುಡಿದರು." ಕೊನೆಗೆ ಅಜ್ಜ ತಮ್ಮ ಅಪ್ಪನನ್ನೂ, ತಮಗೆ ಬುದ್ಧಿ ಬರುವ ಮುಂಚೆ ತೀರಿಕೊಂಡ ಅಮ್ಮನನ್ನೂ ನೆನೆದು ಆಮೆನ್ ಅನ್ನುತ್ತಿದ್ದರು. ಅವರಪ್ಪನ ಎರಡನೇ ಹೆಂಡತಿ, ಅಜ್ಜನ ಚಿಕ್ಕಮ್ಮ, ಆ ಸಾಲಿನಲ್ಲಿ ಒಮ್ಮೆಯೂ ಬಂದದ್ದಿಲ್ಲ.

"ಹೇಳಿದ್ರೆ ನಿಜ ಹೇಳಬೇಕು," ಅಜ್ಜ ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದರು. "ನಿಜ ಹೇಳಿದ್ರೆ ಅವಳ ಮರ್ಯಾದೆ ಹೋಗುತ್ತೆ. ಸತ್ತವಳ ಮಾನ ಉಳೀಲಿ ಅಂತ ಬಿಟ್ಟಿದೀನಿ. ಇದಕ್ಕಿಂತ ಇನ್ನೇನು ಮಾಡ್ಲಿ?"

"ಆಹಾ, ಎಷ್ಟು ದೊಡ್ಡ ಮನಸ್ಸು! ನಮ್ಮ ಎಲೇಲಿ ಹೆಗ್ಗಣ ಸತ್ತು ಬಿದ್ದಿದೆ, ಕಂಡವರ ಎಲೆಯ ನೊಣ ಓಡಿಸೋಕೆ ಹೊರಟಿದೀರಿ. ಅಲ್ಲಿ ಯಾರಾದರೂ 'ನಿಮ್ಮ ಮನೇಲಿ ಯಾರನ್ನೂ ಬಿಟ್ಟಿಲ್ವಾ ತಾತ' ಅಂದ್ರೆ? ಪಕ್ಕದಲ್ಲಿ ಕೂತು ನಾನು ಮಿಕಮಿಕ ನೋಡಬೇಕಾ?"

"ನೀನು ಬರದೇ ಇದ್ರೆ ನಾನೂ ಹೋಗೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತಿರೋದಕ್ಕೇ ಈಗ ಹೇಳ್ತಿರೋದು."

ಅಜ್ಜ ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಈ ಸಲ ಅಜ್ಜಿಯೂ ಒಂದು ಮೊಲ ಹಿಡಿದಿದ್ದರು.

ನಡುವೆ ಸಭೆಯ ಹಿರಿಯರು ವಿಚಾರಿಸಲು ಬಂದರು. ಅಳತೆಗೆ ಬರುವ ಗಿರಾಕಿಗಳ ಬೆಂಚಿನ ಮೇಲೆ ಅವರನ್ನು ಕೂರಿಸಿ ಅಜ್ಜಿ ಚಹಾ ಕೊಟ್ಟರು.

"ಎಲ್ಲಾ ತಯಾರಾ ಅಮ್ಮ?"

"ನಾನು ತಯಾರು. ನಿಮ್ಮ ಸೇವಕರದ್ದು ಒಂದು ಹೊಲಿಗೆ ಬಾಕಿ ಇದೆ."

ಹಿರಿಯರು ನಕ್ಕರು. ಅಜ್ಜ ನಗಲಿಲ್ಲ. ಹಿರಿಯರು ಹೋದ ಮೇಲೆ ಅಜ್ಜ, ನಾನು ಹೊಲಿದ ಕಾಜಗಳಲ್ಲಿ ಗುಂಡಿ ತೂರಿಸುತ್ತ ತೆಗೆಯುತ್ತ ಕತ್ತಲಾಗುವ ತನಕ ಕೂತಿದ್ದರು.

ಭಾನುವಾರ ಅವರಿಬ್ಬರನ್ನು ಕಳಿಸಿಕೊಡಲೆಂದು ಅಪ್ಪನ ಅಕ್ಕ, ನನ್ನ ಅತ್ತೆ ಬಂದರು. ಅಜ್ಜನಿಗೆ ಎದುರಾಡುವ ಧೈರ್ಯ ಮಕ್ಕಳಲ್ಲಿ ಅವರೊಬ್ಬರಿಗೇ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸು ಹಾಸಿ ಎಲ್ಲರೂ ಸುತ್ತ ಕೂತೆವು. ಅಜ್ಜ ಕಣ್ಣು ಮುಚ್ಚಿ ಶುರು ಮಾಡಿದರು. ದೋಣಿ ತಾತ ಬಂದರು, ಕೆಪ್ಪಜ್ಜಿ ಬಂದರು, ಸೀಸೆ ಮಾಮ ಮತ್ತೆ ಕುಡಿದರು. ಕೊನೆಗೆ ಅಜ್ಜನ ಅಪ್ಪ, ಅಮ್ಮ.

"ಆಮೆನ್," ಎಂದರು ಅಜ್ಜ.

ಯಾರೂ ಆಮೆನ್ ಅನ್ನಲಿಲ್ಲ. ಅಜ್ಜಿ ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು.

"ಹಸಿವಾಗ್ತಿದೆ ಕಣಮ್ಮ," ಎಂದ ಅಪ್ಪ ಮೆಲ್ಲಗೆ.

"ನಂಗೂ ಆಗ್ತಿದೆ."

ಅಜ್ಜ ಕಣ್ಣು ಬಿಟ್ಟರು. "ಏನಂತ ಹೇಳ್ಲಿ? ನನ್ನ ಮೈಮೇಲೆ ಅಳತೆ ಕೋಲು ಮುರಿದಳು ಅಂತ ಹೇಳ್ಲಾ? ಹನ್ನೆರಡು ವರ್ಷದವನನ್ನ ಹೊರಗೆ ಹಾಕಿ ಬಾಗಿಲು ಹಾಕ್ಕೊಂಡಳು ಅಂತ ಹೇಳ್ಲಾ? ಅದೇ ನಿಜ. ಮೊಮ್ಮಗಳ ಮುಂದೆ ಅದನ್ನೇ ಹೇಳಬೇಕಾ?"

"ಹೇಳಿ," ಎಂದರು ಅಜ್ಜಿ. "ಆಮೇಲೆ ನನ್ನ ಮೊದಲ ಬಾಣಂತನ ಮಾಡಿದ್ದು ಯಾರು ಅಂತಲೂ ಹೇಳಿ. ನನ್ನಮ್ಮ ಹಾಸಿಗೆ ಹಿಡಿದಿದ್ದಳು. ನಾವು ಕರೀದೇ ಚಿಕ್ಕಮ್ಮ ಬಂದಳು ರೀ. ನೀವು ಮಾತಾಡಿಸಲಿಲ್ಲ, ನೀರು ಬೇಕಾ ಅನ್ನಲಿಲ್ಲ. ಈ ಕೂಸಿಗೆ ನೀರು ಹಾಕಿ ಬೆಳೆಸಿಕೊಟ್ಟು, ಬಂದ ಹಾಗೇ ಹೋದಳು."

"ಕೂಸು ಅಂದ್ರೆ ನಾನು," ಅತ್ತೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು. ಆಮೇಲೆ ಜೋರಾಗಿ, "ಅಪ್ಪಾ, ಸೀಸೆ ಮಾಮನಿಗೇ ಜಾಗ ಇದೆ, ಅವಳಿಗಿಲ್ವಾ!" ಎಂದರು.

ಅಜ್ಜ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಆದರೆ ಎದ್ದವರು ಹೋಗಲಿಲ್ಲ. ಎರಡೂ ಕೈ ಮೇಜಿಗೆ ಊರಿ, ಕಣ್ಣು ಮುಚ್ಚದೆ, ಅಜ್ಜಿಯನ್ನೇ ನೋಡುತ್ತ ನಿಂತರು. ಮೊಂಡು ಕತ್ತರಿಯಲ್ಲಿ ದಪ್ಪ ಬಟ್ಟೆ ಕತ್ತರಿಸುವವರಂತೆ ತಡೆತಡೆದು ಹೇಳಿದರು.

"ಚಿಕ್ಕಮ್ಮ. ನನ್ನನ್ನ ಹೊರಗೆ ಹಾಕಿದಳು." ಉಸಿರು ಎಳೆದುಕೊಂಡರು. "ನನ್ನ ಮಗಳನ್ನ ಎತ್ತಿಕೊಂಡಳು."

"ಆಮೆನ್," ಎಂದರು ಅಜ್ಜಿ. ನಾವೂ ಅಂದೆವು. ನನ್ನ ದನಿ ಎಲ್ಲರಿಗಿಂತ ಜೋರಾಗಿ ಬಂದು ನಾನೇ ಬೆಚ್ಚಿದೆ.

ಅಜ್ಜ ಧೊಪ್ಪನೆ ಕೂತರು. "ಎರಡು ಮಾತು ಹೇಳಿಬಿಟ್ಟೆ. ಒಬ್ಬರಿಗೆ ಒಂದೇ ಹೇಳಬೇಕಾದ್ದು."

"ಇರಲಿ, ಇಷ್ಟು ವರ್ಷದ್ದು ಬಾಕಿ ಇತ್ತು."

"ಹೊರಗೆ ಹಾಕಿದ್ದನ್ನ ನಾನು ಬಿಡಲ್ಲ. ಅಲ್ಲಿಗೆ ಹೋದ ಮೇಲೂ ಪ್ರತಿ ಭಾನುವಾರ ಹೇಳ್ತೀನಿ."

"ಹೇಳಿ. ಎರಡನ್ನೂ ಹೇಳಿ. ಒಂದು ಬಿಟ್ಟರೂ ನಾನು ಮುಂದಿನ ಗಾಡಿ ಹಿಡಿದು ವಾಪಸ್ಸು."

ಅಜ್ಜಿ ಮುಚ್ಚಳ ತೆಗೆದು ಮೊದಲು ಅಜ್ಜನಿಗೇ ಬಡಿಸಿದರು. ಊಟವಾದದ್ದೇ ತಡ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದರು. ಅಲ್ಲಿಂದ ಕೂಗಿದ್ದು ಕೇಳಿತು: "ರೀ, ಅಲ್ಲಿ ಚಳಿ ಜಾಸ್ತಿಯಂತೆ. ಸ್ವೆಟರ್ ಎರಡು ಸಾಕಾ, ಮೂರು ಇಡಲಾ?"