ಏಳನೇ ಪೆಟ್ಟಿಗೆಯ ಕುಂಕುಮ

ಚನಿಯ ಸ್ಪಿರಿಟ್ ಬಟ್ಟೆಯಿಂದ ಏಳನೇ ಪೆಟ್ಟಿಗೆಯ ಗಾಜನ್ನು ಮೂರನೇ ಸಲ ಉಜ್ಜಿದ. ಕುಂಕುಮವೆಲ್ಲ ಬಟ್ಟೆಗೆ ಬಂದಿತ್ತು. ಗಾಜು ಮಾತ್ರ ಗುಲಾಬಿಯಾಗಿಯೇ ಇತ್ತು. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ. ಬಣ್ಣ ಇದ್ದದ್ದು ಗಾಜಿನ ಮೇಲಲ್ಲ, ಒಳಗೆ.

ಅಬುಧಾಬಿಯ ಅಲ್ ಮೀನಾ ಬಂದರಿನ ಹಿಂಬದಿಯ ಆ ಗೋದಾಮಿನಲ್ಲಿ ಅವನು ಎಂಟು ವರ್ಷದಿಂದ ಸ್ಟೋರ್‌ಕೀಪರ್. ಗೋದಾಮು ಒಬ್ಬ ಅರಬ್ಬಿಯದು, ಒಳಗಿನ ಸರಕು ಅಮೆರಿಕದ ಹಾರ್ಲನ್ ಕ್ರೇಗ್ ಕಂಪನಿಯದು. ಕಂಪನಿಯ ಚರಿತ್ರೆ ಬಾಗಿಲ ಬಳಿಯ ಪೋಸ್ಟರಿನಲ್ಲಿ ಚಿತ್ರಚಿತ್ರವಾಗಿತ್ತು. ದಿನಾ ಊಟದ ಹೊತ್ತಿಗೆ ನೋಡಿ ನೋಡಿ ಚನಿಯನಿಗೆ ಬಾಯಿಪಾಠವಾಗಿಬಿಟ್ಟಿತ್ತು. ಸುಮಾರು ನೂರು ವರ್ಷದ ಹಿಂದೆ ಇಬ್ಬರು ಅಣ್ಣತಮ್ಮಂದಿರು ದನದ ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುವ ಯಂತ್ರಕ್ಕೆ ಪಂಪು ಮಾಡಿದರು. ಯುದ್ಧ ಬಂತು, ಪಂಪು ವಿಮಾನಕ್ಕೆ ಹೋಯಿತು. ಇನ್ನೊಂದು ಯುದ್ಧ ಬಂತು, ಕ್ಷಿಪಣಿಗೂ ಹೋಯಿತು. ಆಮೇಲೆ ಆ ಮನೆಯ ಮಕ್ಕಳು ಮೊಮ್ಮಕ್ಕಳು ಯಾರೂ ದನದ ಕಡೆ ತಿರುಗಿ ನೋಡಲಿಲ್ಲ. ಈಗಂತೂ ಒಂದು ಸಲ ಮಾರಿದರೆ ಸಾಕು. ಬಿಡಿಭಾಗ, ರಿಪೇರಿ, ತಪಾಸಣೆ ಎಂದು ಮೂವತ್ತು ವರ್ಷ ಕೊಂಡವನ ಬೆನ್ನು ಬಿಡದ ವ್ಯಾಪಾರ.

ರಿಪೇರಿಯಾಗಿ ಬಂದಿದ್ದ ಆ ಹನ್ನೆರಡು ಬೂದು ಪೆಟ್ಟಿಗೆಗಳಲ್ಲಿದ್ದದ್ದು ಕ್ಷಿಪಣಿಯ ಮೂತಿಗಳು. ಶತ್ರುವಿನ ಕ್ಷಿಪಣಿ ಹಾರಿ ಬಂದರೆ ಅದನ್ನು ಆಕಾಶದಲ್ಲೇ ಹುಡುಕಿ ಹೊಡೆಯುವ ಕಣ್ಣು ಅದರೊಳಗಿತ್ತು. ತೇವ ತಾಗಿದರೆ ಆ ಕಣ್ಣು ಕುರುಡು. ಅದಕ್ಕೇ ಪ್ರತಿ ಪೆಟ್ಟಿಗೆಯ ಮುಂಭಾಗದಲ್ಲಿ ನಾಣ್ಯದಗಲದ ಒಂದು ಗಾಜು. ಒಳಗೆ ನೀಲಿ ಕಂಡರೆ ಪೆಟ್ಟಿಗೆ ಒಣಗಿದೆ ಎಂದರ್ಥ, ಗುಲಾಬಿ ಕಂಡರೆ ನೀರಿನ ಪಸೆ ಹೊಕ್ಕಿದೆ ಎಂದರ್ಥ. ವಾರಕ್ಕೊಮ್ಮೆ ಹನ್ನೆರಡನ್ನೂ ಬಗ್ಗಿ ನೋಡಿ, ಪುಸ್ತಕದಲ್ಲಿ ಬಣ್ಣ ಬರೆದು ಸಹಿ ಹಾಕುವುದು ಚನಿಯನ ಕೆಲಸ.

ಇಷ್ಟು ವರ್ಷದಲ್ಲಿ ಒಂದೇ ಒಂದು ಗಾಜೂ ಗುಲಾಬಿಯಾಗಿರಲಿಲ್ಲ. ಹಾಗಾಗಿ ಮೊಣಕಾಲು ನೋವು ಶುರುವಾದ ಮೇಲೆ, ಅಂದರೆ ಕಳೆದ ಎಂಟು ವಾರ, ಹಿಂದಿನ ಸಾಲಿನ, ಏಳರಿಂದ ಹನ್ನೆರಡರವರೆಗಿನ ಪೆಟ್ಟಿಗೆಗಳಿಗೆ ಅವನು ಕುರ್ಚಿಯಲ್ಲಿ ಕೂತೇ 'ನೀಲಿ' ಎಂದು ಬರೆದಿದ್ದ. ಆಗಸ್ಟಿನಲ್ಲಿ ಎರಡು ದಿನ ಏಸಿ ಕೆಟ್ಟು ಗೋಡೆಗಳೆಲ್ಲ ಬೆವರಿದಾಗಲೂ ಅವನು ಬಗ್ಗಿರಲಿಲ್ಲ.

ನಿನ್ನೆ ಆಯುಧಪೂಜೆ. ಫೋರ್ಕ್‌ಲಿಫ್ಟಿಗೆ, ತೂಕದ ಯಂತ್ರಕ್ಕೆ, ಸ್ಪ್ಯಾನರುಗಳಿಗೆ ಗಂಧ ಕುಂಕುಮ ಹಚ್ಚಿ ಅವಲಕ್ಕಿ ಹಂಚುವುದರಲ್ಲಿ ಪ್ರತಿವರ್ಷ ಚನಿಯನದೇ ಮುಂದಾಳುತನ. ಈ ಸಲ ಹುರುಪು ಹೆಚ್ಚಾಗಿ, "ನಿಜವಾದ ಆಯುಧ ಅಂದ್ರೆ ಇವೇ ಅಲ್ವಾ" ಎಂದು ಪೆಟ್ಟಿಗೆಗಳಿಗೂ ಬೊಟ್ಟಿಟ್ಟಿದ್ದ. ಊದುಬತ್ತಿಯ ಹೊಗೆಯಲ್ಲಿ, ಕನ್ನಡಕವಿಲ್ಲದೆ, ಸರಿಯಾಗಿ ಗಾಜಿನ ಮೇಲೆಯೇ. ಈಗ ಗಂಟೆ ಒಂಬತ್ತೂವರೆ. ಹತ್ತಕ್ಕೆ ಕಂಪನಿಯ ತಪಾಸಣೆಗಾರ ಬರುತ್ತಾನೆ, ಒಂದಕ್ಕೆ ಸೈನ್ಯದ ಲಾರಿ.

"ಪೊರ್ಬುಗಳೇ, ಸ್ವಲ್ಪ ಬನ್ನಿ" ಎಂದು ಕರೆದ. ಊರಲ್ಲಿ ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವ ಹಾಗೆಯೇ ಅವನು ಮ್ಯಾನೇಜರ್ ವಿಲ್ಫ್ರೆಡ್‌ನನ್ನು ಇಲ್ಲಿಯೂ ಕರೆಯುತ್ತಿದ್ದ. ಅವನ ಊರ ಕಡೆಯವನೇ ಆದ ಶಿರ್ವದ ವಿಲ್ಫ್ರೆಡ್ ಬಂದು ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಪುಸ್ತಕದಲ್ಲಿ ಎಂತ ಬರ್ದಿದ್ದಿ?"

"ನೀಲಿ."

"ನೋಡಿಯೇ ಬರ್ದದ್ದಾ?"

ಚನಿಯ ಮೊಣಕಾಲು ನೀವಿಕೊಂಡ.

"ನಿನ್ನ ಮಂಡೆಯೊಳಗೆ ಎಂತ ಉಂಟು ಮಾರಾಯ!" ವಿಲ್ಫ್ರೆಡ್ ಹಣೆ ಒತ್ತಿಕೊಂಡ. ಆಮೇಲೆ ಸ್ವರ ತಗ್ಗಿಸಿದ. "ಕುಂಕುಮ ಇನ್ನೂ ಉಂಟಾ? ಹನ್ನೆರಡಕ್ಕೂ ವಾಪಸ್ ಹಚ್ಚು. ದಪ್ಪಕ್ಕೆ ಹಚ್ಚು. ಕೇಳಿದ್ರೆ ಪೂಜೆ ಅಂತ ನಾನು ಹೇಳ್ತೇನೆ. ಅವನೆದುರು ನಿನಗೆ ನಾಲ್ಕು ಬೈತೇನೆ, ಬೇಸರ ಮಾಡ್ಬೇಡ."

"ಒಳಗೆ ತೇವ ಹೊಕ್ಕಿದೆಯಲ್ಲ ಪೊರ್ಬುಗಳೇ."

"ಇದನ್ನು ಯಾರು ಹಾರಿಸ್ಲಿಕ್ಕುಂಟು? ಹತ್ತು ವರ್ಷ ಮರಳಲ್ಲಿ ನಿಂತು ವಾಪಸ್ ರಿಪೇರಿಗೆ ಬರ್ತದೆ, ಅಷ್ಟೇ. ನಿನ್ನ ಅಕ್ಷಿತಾಗೂ ನಮ್ಮ ಮಗ ಗೇಬ್ರಿಯಲ್‌ಗೂ ಮಾರ್ಚಲ್ಲಿ ಬೋರ್ಡ್ ಪರೀಕ್ಷೆ. ನಿನ್ನ ವೀಸಾ ಹೋದ್ರೆ ನಿನ್ನ ಮಗಳದ್ದೂ ಹೋಯ್ತು. ನೆನಪುಂಟಲ್ಲ?"

ಆ ಮಾತು ಚನಿಯನಿಗೆ ಸರಿಯಾಗಿ ನಾಟಿತು. ಬೆಳಿಗ್ಗೆಯಷ್ಟೇ ಅಕ್ಷಿತಾ, "ಪಪ್ಪ, ಫೋರ್ ಓ ಕ್ಲಾಕ್ ಟ್ಯೂಷನ್, ಡೋಂಟ್ ಬಿ ಲೇಟ್" ಎಂದು ಕೂಗಿ ಹೋಗಿದ್ದಳು. ಅವನು ಕುಂಕುಮದ ಡಬ್ಬಿ ತಂದ. ನಿನ್ನೆ ಭಕ್ತಿಯಿಂದ ಇಟ್ಟ ಬೊಟ್ಟನ್ನು ಇಂದು ಕಳ್ಳನ ಹಾಗೆ ಇಡಬೇಕಾಯಿತು. ಒಂದೆರಡು ಕಡೆ ಕುಂಕುಮ ನೆಲಕ್ಕೆ ಉದುರಿತು.

ತಪಾಸಣೆಗಾರ ಡಾಲ್ಟನ್ ಹತ್ತಕ್ಕೆ ಸರಿಯಾಗಿ ಬಂದ. ಅರವತ್ತರ ಹತ್ತಿರದ ಉದ್ದನೆಯ ಮನುಷ್ಯ, ನಯವಾದ ಮಾತು. ಪೆಟ್ಟಿಗೆಗಳನ್ನು ಕಂಡು ಹುಬ್ಬೇರಿಸಿದ. ವಿಲ್ಫ್ರೆಡ್ ಪೂಜೆಯ ಕಥೆ ಹೇಳಿ ಚನಿಯನಿಗೆ ಚೆನ್ನಾಗಿ ಬೈದ. ಡಾಲ್ಟನ್ ನಕ್ಕು, ಟಿಶ್ಯೂ ತೆಗೆದು ಮೊದಲನೆಯ ಗಾಜು ಒರೆಸಿದ. ನೀಲಿ. ಎರಡು, ಮೂರು, ನಾಲ್ಕು, ಎಲ್ಲ ನೀಲಿ. ಐದನೆಯದಕ್ಕೆ ಟಿಶ್ಯೂ ಪೂರ್ತಿ ಕೆಂಪಾಗಿ ಅವನ ಬಿಳಿ ಅಂಗಿಯ ತೋಳಿಗೂ ತಾಗಿತು. ಅದೂ ನೀಲಿ, ಆರನೆಯದೂ ನೀಲಿ. ಏಳಕ್ಕೆ ಕೈಹಾಕುವುದರಲ್ಲಿದ್ದ.

"ಸರ್, ಇವನು ಆಮೇಲೆ ಎಲ್ಲ ಸ್ಪಿರಿಟಲ್ಲಿ ತೊಳೀತಾನೆ" ಎಂದ ವಿಲ್ಫ್ರೆಡ್. "ಪುಸ್ತಕ ಇಲ್ಲೇ ಉಂಟು."

ಡಾಲ್ಟನ್ ಪುಸ್ತಕ ತಿರುವಿದ. ನೀಲಿ, ನೀಲಿ, ಕೆಳಗೆ ದುಂಡಗಿನ ಸಹಿ. ಅವನು ಗಡಿಯಾರ ನೋಡಿದ. "ಎಂಟು ವರ್ಷದಿಂದ ಇವರ ಪುಸ್ತಕ ನೋಡುತ್ತಿದ್ದೇನೆ. ಮಿಸ್ಟರ್ ಚನಿಯ ನೀಲಿ ಎಂದು ಬರೆದಿದ್ದರೆ ಅದು ನೀಲಿಯೇ" ಎಂದು ಪೆನ್ನು ತೆಗೆದ.

ಅವನು ಬೈದಿದ್ದರೆ ಚನಿಯ ಸಹಿಸಿಕೊಳ್ಳುತ್ತಿದ್ದ. ಈ ನಂಬಿಕೆಯನ್ನು ಸಹಿಸುವುದು ಕಷ್ಟವಾಯಿತು.

ಸಹಿ ಹಾಕುವ ಮೊದಲು ಡಾಲ್ಟನ್ ತಮಾಷೆಗೆ ಕೇಳಿದ, "ಈ ಕೆಂಪು ಹಚ್ಚಿದರೆ ವಸ್ತುವಿಗೆ ರಕ್ಷಣೆಯೇ?"

ವಿಲ್ಫ್ರೆಡ್ ನಗಲು ಬಾಯಿ ತೆರೆದ. ಅಷ್ಟರಲ್ಲಿ ಚನಿಯ ಏಳನೇ ಪೆಟ್ಟಿಗೆಯ ಮುಂದೆ ಕುಳಿತಾಗಿತ್ತು. ಮೊಣಕಾಲು ಚುರುಕ್ಕೆಂದಿತು. ಹೆಬ್ಬೆರಳಿನಿಂದ ಕುಂಕುಮ ಒರೆಸಿ, ಸ್ಪಿರಿಟ್ ಬಟ್ಟೆಯಲ್ಲಿ ತಿಕ್ಕಿದ.

"ಇಲ್ಲ ಸರ್. ಇದು ನೋಡಿ. ತೇವ ಹೊಕ್ಕಿದೆ." ಅವನಿಗೆ ಬರುತ್ತಿದ್ದ ಇಂಗ್ಲಿಷೇ ಅಷ್ಟು, ಅದರಲ್ಲೇ ಉಳಿದದ್ದನ್ನೂ ಹೇಳಿದ. "ಪುಸ್ತಕ ಸುಳ್ಳು. ಎಂಟು ವಾರ ನಾನು ನೋಡಲಿಲ್ಲ."

ಡಾಲ್ಟನ್ ಟಾರ್ಚು ಹಾಕಿ ಬಹಳ ಹೊತ್ತು ನೋಡಿದ. ನಗು ಹೋಗಿತ್ತು. "ಇದು ಗೊತ್ತಿದ್ದೂ ಮೇಲೆ ಬಣ್ಣ ಹಚ್ಚಿದ್ದು ಯಾರು?"

ವಿಲ್ಫ್ರೆಡ್ ಬಾಗಿಲ ಕಡೆ ನೋಡುತ್ತಿದ್ದ.

"ನಾನೇ ಸರ್" ಎಂದ ಚನಿಯ. ಅದು ಸುಳ್ಳೇನೂ ಆಗಿರಲಿಲ್ಲ.

ಡಾಲ್ಟನ್ ಪೆಟ್ಟಿಗೆಗೆ ಕೆಂಪು ಚೀಟಿ ಕಟ್ಟಿದ. ದೋಷ ಕಂಡವರು ಸಹಿ ಮಾಡಬೇಕಾದ ಜಾಗ ತೋರಿಸಿ ಪೆನ್ನು ಕೊಟ್ಟ. ಚನಿಯ ಅದೇ ದುಂಡಗಿನ ಸಹಿ ಹಾಕಿದ. "ಎರಡನ್ನೂ ನಾನು ಬರೆಯಲೇಬೇಕು, ಮಿಸ್ಟರ್ ಚನಿಯ" ಎಂದ ಡಾಲ್ಟನ್, ಬೇಸರದ ದನಿಯಲ್ಲಿ. "ನೀವು ಹೇಳಿದ್ದನ್ನೂ, ನೋಡದೆ ಬರೆದದ್ದನ್ನೂ. ನಾಳೆಯಿಂದ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಉಳಿದ ಐದನ್ನು ನೋಡಿಡಿ, ಬಂದು ಪರೀಕ್ಷಿಸುತ್ತೇನೆ." ಲಾರಿ ನಿಲ್ಲಿಸಲು ಫೋನು ಹಿಡಿದು ಹೊರಗೆ ಹೋದ.

"ಖಲಾಸ್" ಎಂದ ವಿಲ್ಫ್ರೆಡ್. ಅವನ ದನಿ ಸಿಟ್ಟಿನಲ್ಲಿ ಒಡೆಯುತ್ತಿತ್ತು. "ಯಾರಿಗೋಸ್ಕರ ಹೇಳಿದ್ದು ಮಾರಾಯ? ಆ ಅಮೆರಿಕದವರಿಗೋಸ್ಕರವಾ?"

"ಇವನ್ನು ಇಡುದು ಈ ಊರಿನ ಕಾವಲಿಗೆ ಅಲ್ವಾ ಪೊರ್ಬುಗಳೇ. ಮಕ್ಕಳು ಮಲಗುದು ಇಲ್ಲಿಯೇ."

"ನಿನ್ನ ಮಗಳು ಇನ್ನು ಎಲ್ಲಿ ಇಲ್ಲಿ ಮಲಗುದು!"

ಅಕ್ಷಿತಾಗೆ ಹೇಗೆ ಹೇಳುವುದೋ ಚನಿಯನಿಗೆ ತೋಚಲಿಲ್ಲ. ಆದರೂ ಉತ್ತರ ಕೊಟ್ಟ.

"ನಿಮ್ಮ ಗೇಬ್ರಿಯಲ್ ಇರ್ತಾನಲ್ಲ."

ಚನಿಯ ಪುಸ್ತಕ ಎತ್ತಿಕೊಂಡು, ಹಲ್ಲು ಕಚ್ಚಿ, ಎಂಟನೇ ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಗಾಜಿನ ಕುಂಕುಮ ಒರೆಸಿದ. ಹಿಂದಿನ ಸಾಲಿನಲ್ಲಿ ಬೆಳಕು ಸಾಲುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಭುಜದ ಮೇಲಿಂದ ಟಾರ್ಚಿನ ಬೆಳಕು ಗಾಜಿನ ಮೇಲೆ ಬಿತ್ತು.

"ಎಂಟು?" ಎಂದ ವಿಲ್ಫ್ರೆಡ್.

"ನೀಲಿ."

"ಸರಿ ನೋಡಿದ್ಯಾ?"

ಚನಿಯ ಇನ್ನೊಮ್ಮೆ ಬಗ್ಗಿ ನೋಡಿ, ಆಮೇಲೆ ಬರೆದ.