ಭಂಡಾರದ ಕೆಳಗಿನ ರೊಟ್ಟಿ

ಖಡಕ್ ರೊಟ್ಟಿ ಮಾಡೂದು ನಮ್ಮ ಕೈಯಾಗ ಐತಿ, ಮುರೀದಂಗ ಮುಟ್ಟಿಸೂದು ಟ್ರಾನ್ಸ್‌ಪೋರ್ಟಿನವರ ಕೈಯಾಗ. ನನ್ನ ಹೊಟ್ಟಿ ಉರಿಯೂದು ಅಲ್ಲೇ ನೋಡ್ರಿ.

ದೊಡವಾಡದಾಗ ನಾನು, ನನ್ನ ನೆಗೆಣ್ಣಿ ಬಾಯವ್ವ ಕೂಡಿ ರೊಟ್ಟಿ ಬಡೀತೇವಿ. ಸವದತ್ತಿಯ ಒಂದು ಖಾನಾವಳಿಯವರು ಮೊದಲನೇ ದೊಡ್ಡ ಆರ್ಡರ್ ಕೊಟ್ಟಿದ್ರು. ಛಲೋ ಬಂದ್ರ ಖಾಯಂ ನಿಮ್ಮ ಕಡೇನ ತಗೋತೇವಿ, ಮುರದ್ರ ಬ್ಯಾಡ ಅಂದಿದ್ರು. ಬೈಲಹೊಂಗಲದ ಗೋದಾಮಿನಾಗ ಪಾರ್ಟ್ ಲೋಡ್ ಬುಕ್ ಮಾಡಿದೆ. ಡಬ್ಬಿಗೊಳ ಮ್ಯಾಲೆ ‘ಇದರ ಮ್ಯಾಲೆ ಏನೂ ಹೇರಬ್ಯಾಡ್ರಿ’ ಅಂತ ದಪ್ಪಗೆ ಬರದೆ. ಅಲ್ಲಿನ ಹಮಾಲಗ ಕೈ ಮುಗದೂ ಹೇಳಿದೆ.

ಅದೇ ಗಾಡಿಗೆ ಉಗರಗೋಳದ ಅಂಗಡಿಗೊಳ ಭಂಡಾರದ ಮೂಟಿನೂ ಇದ್ವು, ಎಲ್ಲವ್ವಗ ಏರಿಸೂ ಅರಿಷಿಣದ ಪುಡಿ. ಸವದತ್ತಿ ಮೊದಲು, ಉಗರಗೋಳ ಆಮ್ಯಾಲೆ. ಕಡೀಕ ಇಳಿಯೂ ಮಾಲು ಮೊದಲು ಏರಬೇಕು, ಮೊದಲು ಇಳಿಯೂದು ಬಾಗಲಾ ಕಡೆ ಇರಬೇಕು. ಲೋಡ್ ಮಾಡೂ ಯಾರಿಗಾದರೂ ಇದು ಗೊತ್ತಿರತೈತಿ.

ನಾ ಬಸ್ಸಿಗೆ ಹೋಗಿ ಸವದತ್ತಿಯೊಳಗ ಕಾಯಕೋಂತ ನಿಂತಿದ್ದೆ. ಗಾಡಿ ಬಾಗಲಾ ತಗದ್ರ, ಅರಿಷಿಣದ ಮೂಟಿ ನನ್ನ ಡಬ್ಬಿ ಮ್ಯಾಲೆ ಕುಂತಿದ್ವು. ರೊಟ್ಟಿ ನುಚ್ಚಾಗಿದ್ವು.

“ಎಲ್ಲವ್ವನ ಭಂಡಾರರೀ ಅಕ್ಕಾರ,” ಅಂದ ಗಾಡಿ ಜೋಡಿ ಬಂದಿದ್ದ ಹಮಾಲ ಶಟ್ಟೆಪ್ಪ. “ಅದರ ಮ್ಯಾಲೆ ಮಾಲು ಹ್ಯಾಂಗ ಹೇರೂದು? ನಮ್ಮ ಕಡೆ ಯಾರೂ ಹೇರಂಗಿಲ್ಲ.”

“ಬಾಜೂಕ ಇಡಾಕ ಏನಾಗಿತ್ತು?”

“ಜಾಗಾ ಇರಲಿಲ್ರಿ.”

ಟ್ರಾನ್ಸ್‌ಪೋರ್ಟ್ ಮಾಲಕ ಶ್ರೀಶೈಲಗ ಫೋನ್ ಹಚ್ಚಿದ್ರ, ಮಾಲು ಕಳಿಸಿದವರದ ಜವಾಬ್ದಾರಿ ಅಂದ. ಗಾಡಿ ಅವಂದು, ಹಮಾಲ ಅವನಾಂವ, ತಪ್ಪು ನಂದು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತು. ಖಾನಾವಳಿಯವರು ನುಚ್ಚು ನೋಡಿ, ಇನ್ನೊಂದೇ ಸಲ ನೋಡತೇವಿ ಅಂದ್ರು.

ಮತ್ತ ಬಡದ್ವಿ. ಡಬ್ಬಿ ಕಟ್ಟೂ ಮುಂದ ಬಾಯವ್ವ ದೇವರ ಜಗಲಿ ಮ್ಯಾಲಿನ ಭಂಡಾರದ ಬಟ್ಟಲಾ ತಂದ್ಲು. ಒಂದೊಂದು ಡಬ್ಬಿಗೂ ಹಚ್ಚಿದ್ವಿ.

ಗೋದಾಮಿನಾಗ ಶಟ್ಟೆಪ್ಪ ಡಬ್ಬಿ ನೋಡಿದ, ಚಪ್ಪಲಿ ಬಿಟ್ಟ. ಒಂದೊಂದನ್ನೂ ಹಣಿಗೆ ಮುಟ್ಟಿಸಿ ಎಲ್ಲಾದರ ಮ್ಯಾಲೆ ಹೂವಿನಂಗ ಇಟ್ಟ. ಒಂದು ರೊಟ್ಟಿನೂ ಮುರೀಲಿಲ್ಲ, ಆರ್ಡರ್ ಖಾಯಂ ಆತು.

ಖರೆ, ನನ್ನ ಸಿಟ್ಟು ಇನ್ನೂ ಇಳದಿಲ್ಲ. ಒಲಿ ಮುಂದ ಕೈ ಸುಟ್ಟಕೊಂಡಾಕಿ ನಾನು, ಬರದಾಕಿ ನಾನು, ಕೈ ಮುಗದಾಕಿ ನಾನು. ಆವತ್ತ ಡಬ್ಬಿಗೆ ನಮಸ್ಕಾರ ಮಾಡಿದ ಶಟ್ಟೆಪ್ಪ, ಬಾಜೂಕ ನಿಂತಿದ್ದ ನನಗ, “ಅತ್ಲಾಗ ಸರೀರಿ, ಅಡ್ಡ ನಿಂತೀರಿ” ಅಂದ.